ಕುದುರೆಯ ಕಾಲಿನ ಬಿಸಿ

1960ರ ದಶಕದ ಕೊನೆಯಲ್ಲಿ ರಾಜಾಜಿನಗರದಿಂದ ಸಿಟಿ ರೈಲು ನಿಲ್ದಾಣಕ್ಕೆ ಹೋಗಬೇಕಾದರೆ ನಮ್ಮ ಮನೆಯಲ್ಲಿ ಜಟಕಾ ಕರೆಸುತ್ತಿದ್ದರು. ಗಾಡಿ ಹೂಡುವ ಮೊದಲು ಜಟಕಾದ ಸಾಬರು ಬಗ್ಗಿ ಕುದುರೆಯ ನಾಲ್ಕೂ ಕಾಲುಗಳ ಮೇಲೆ ಅಂಗೈಯಾಡಿಸುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಬೆಳಿಗ್ಗೆ ಅವರ ಕೈ ಮುಂಗಾಲಿನ ಗಿಣ್ಣಿನ ಬಳಿ ನಿಂತಿತು. ‘ಸ್ವಾಮಿ, ಇವತ್ತು ಕಾಲು ಬಿಸಿ ಐತೆ, ಬೇರೆ ಗಾಡಿ ನೋಡ್ಕೊಳ್ಳಿ’ ಎಂದರು. ರೈಲು ತಪ್ಪೀತೆಂದು ನನ್ನ ತಂದೆ ಗೊಣಗಿದರು. ಸಾಬರಾದರೋ ಒಂದು ದಿನದ ಸಂಪಾದನೆಯನ್ನೇ ಕೈಬಿಟ್ಟಿದ್ದರು.

ಈ ಪ್ರಸಂಗ ಮತ್ತೆ ನೆನಪಾದದ್ದು ಕಳೆದ ವರ್ಷ, ಸೊಂಟ ಮತ್ತು ಮಂಡಿಯ ನೋವಿಗಾಗಿ ನಾನೇ ಮೂಳೆಯ ಸ್ಕ್ಯಾನಿಗೆ ಒಳಗಾದಾಗ. ಪರದೆಯ ಮೇಲಿನ ಕಪ್ಪು ಚುಕ್ಕೆಯೊಂದನ್ನು ತೋರಿಸಿದ ವೈದ್ಯರು ಅದನ್ನು ‘ಹಾಟ್ ಸ್ಪಾಟ್’ ಎಂದು ಕರೆದರು. ಸಾಬರ ಅಂಗೈ ಹುಡುಕುತ್ತಿದ್ದುದೂ ಅದನ್ನೇ ಅಲ್ಲವೇ ಎನಿಸಿತು. ಆ ಕುತೂಹಲದಿಂದ ಓದಲಾರಂಭಿಸಿದಾಗ ತಿಳಿದ ಸಂಗತಿಯೆಂದರೆ, ಇದೇ ಪರೀಕ್ಷೆಯನ್ನು ಹಲವು ದೇಶಗಳಲ್ಲಿ ಪಂದ್ಯದ ಕುದುರೆಗಳಿಗೆ ದಶಕಗಳಿಂದ ಮಾಡುತ್ತ ಬಂದಿದ್ದಾರೆ.

ವಿಧಾನ ಸರಳ. ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಮೂಳೆಗೆ ಅಂಟಿಕೊಳ್ಳುವ ಫಾಸ್ಫೇಟ್ ಜಾತಿಯ ಸಂಯುಕ್ತವೊಂದರೊಡನೆ ಕೂಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಎರಡು ಮೂರು ಗಂಟೆಗಳಲ್ಲಿ ಅದು ಮೂಳೆ ಎಲ್ಲೆಲ್ಲಿ ಚುರುಕಾಗಿ ಒಡೆದು ಮರುಕಟ್ಟಿಕೊಳ್ಳುತ್ತಿದೆಯೋ ಅಲ್ಲಲ್ಲಿ ಹೆಚ್ಚಾಗಿ ಸೇರುತ್ತದೆ. ಅಲ್ಲಿಂದ ಹೊರಡುವ ಗಾಮಾ ಕಿರಣಗಳನ್ನು ಕ್ಯಾಮೆರಾ ಹಿಡಿಯುತ್ತದೆ. ಎಕ್ಸ್-ರೇ ತೋರಿಸುವುದು ಮೂಳೆಯ ಆಕಾರವನ್ನು. ಇದು ತೋರಿಸುವುದು ಮೂಳೆಯೊಳಗಿನ ವ್ಯವಹಾರವನ್ನು. ಓಟದ ಒತ್ತಡದಿಂದ ಹುಟ್ಟುವ ಕೂದಲೆಳೆಯ ಬಿರುಕು ಎಕ್ಸ್-ರೇಯಲ್ಲಿ ಕಾಣಲು ಕೆಲವೊಮ್ಮೆ ಎರಡು ವಾರಗಳೇ ಬೇಕು. ಸ್ಕ್ಯಾನಿನಲ್ಲಿ ಅದು ಎಷ್ಟೋ ಮೊದಲೇ ಕಾಣಿಸಿಕೊಳ್ಳುತ್ತದೆ. ಕುದುರೆಯ ಸೊಂಟದಂಥ, ದಪ್ಪ ಮಾಂಸಖಂಡದಡಿಯ ಮೂಳೆಗಳ ವಿಷಯದಲ್ಲಂತೂ ಇದರ ಪ್ರಯೋಜನ ಹೆಚ್ಚು.

ಆದರೆ ಐನೂರು ಕಿಲೋ ತೂಗುವ ಪ್ರಾಣಿಯನ್ನು ಮೇಜಿನ ಮೇಲೆ ಮಲಗಿಸುವಂತಿಲ್ಲ. ಮಂಪರಿನ ಮದ್ದು ಕೊಟ್ಟು ನಿಲ್ಲಿಸಿಯೇ ಅಂಗಾಂಗಗಳ ಚಿತ್ರ ತೆಗೆಯಬೇಕು. ಔಷಧಿಯ ಪ್ರಮಾಣ ಮನುಷ್ಯರಿಗೆ ಕೊಡುವುದರ ಏಳೆಂಟು ಪಟ್ಟು. ಟೆಕ್ನೀಷಿಯಂನ ಅರ್ಧಾಯು ಆರು ಗಂಟೆ. ಆದ್ದರಿಂದ ಒಂದು ದಿನ ಕಳೆಯುವಷ್ಟರಲ್ಲಿ ವಿಕಿರಣ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಕುದುರೆಯನ್ನು ಬೇರೆ ಲಾಯದಲ್ಲಿ ಕಟ್ಟಬೇಕು. ಅದರ ಗಂಜಲ, ಲದ್ದಿ, ನೆನೆದ ಹುಲ್ಲು ಎಲ್ಲವನ್ನೂ ಎಚ್ಚರದಿಂದ ನಿಭಾಯಿಸಬೇಕು. ನಮ್ಮ ದೇಶದಲ್ಲಿ ಇಂಥ ವಸ್ತುಗಳ ಬಳಕೆಗೆ 2004ರ ವಿಕಿರಣ ಸಂರಕ್ಷಣಾ ನಿಯಮಗಳಿವೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಲಾಯದ ಹುಡುಗರನ್ನು ಈ ಲೆಕ್ಕದಿಂದ ಹೊರಗಿಡುವಂತಿಲ್ಲ. ಕುದುರೆಯ ಹಗ್ಗ ಹಿಡಿದು ನಿಲ್ಲುವವರು ಅವರೇ.

ಇದನ್ನು ಸರ್ವರೋಗ ನಿದಾನವೆಂದೂ ಭಾವಿಸಬಾರದು. ಚುಕ್ಕೆ ಕಂಡಲ್ಲೆಲ್ಲ ಗಾಯವಿರುವುದಿಲ್ಲ. ಎಳೆಯ ಕುದುರೆಯ ಮೂಳೆ ತರಬೇತಿಗೆ ಹೊಂದಿಕೊಳ್ಳುವಾಗಲೂ ಬಿಸಿಯಾಗಿಯೇ ಕಾಣುತ್ತದೆ. ಅನುಭವಿ ಪಶುವೈದ್ಯರ ಕಣ್ಣು ಮತ್ತು ಕೈ ಇಲ್ಲದೆ ಈ ಚಿತ್ರಕ್ಕೆ ಅರ್ಥವಿಲ್ಲ.

ಹೊರದೇಶಗಳಲ್ಲಿ ಈ ಕಡೆಗೆ ಗಮನ ತಿರುಗಿಸಿದ್ದು ಸಾವುಗಳು. ಅಮೆರಿಕದ ಸಾಂಟಾ ಅನಿಟಾ ಪಂದ್ಯದ ಅಂಗಳದಲ್ಲಿ 2018ರ ಡಿಸೆಂಬರ್ ಕೊನೆಯಿಂದ ಮುಂದಿನ ಜೂನ್‌ವರೆಗೆ ಮೂವತ್ತು ಕುದುರೆಗಳು ಸತ್ತವು. ಆ ವರ್ಷ ಮುಗಿಯುವುದರೊಳಗೆ ಅಲ್ಲಿ ನಿಂತ ಕುದುರೆಯ ಕಾಲಿಗೇ ಸುತ್ತುವ ಪೆಟ್ ಸ್ಕ್ಯಾನ್ ಯಂತ್ರ ಬಂದಿತು. 2019ರ ಎಪ್ಸಮ್ ಡರ್ಬಿ ಗೆದ್ದಿದ್ದ ಆ್ಯಂಥನಿ ವ್ಯಾನ್ ಡೈಕ್ ಎಂಬ ಕುದುರೆ 2020ರ ಮೆಲ್ಬರ್ನ್ ಕಪ್‌ನಲ್ಲಿ ಗಿಣ್ಣು ಮುರಿದುಕೊಂಡು ಪ್ರಾಣ ಕಳೆದುಕೊಂಡ ಮೇಲೆ, ಹೊರದೇಶಗಳಿಂದ ಅಲ್ಲಿಗೆ ಬರುವ ಕುದುರೆಗಳು ಹಡಗೋ ವಿಮಾನವೋ ಏರುವ ಮೊದಲೇ ಇಂಥ ಸ್ಕ್ಯಾನಿಗೆ ಒಳಗಾಗಬೇಕೆಂದು 2021ರಲ್ಲಿ ನಿಯಮವಾಯಿತು.

ಕುದುರೆ ನಮಗೆ ಪರಕೀಯವೇನಲ್ಲ. ಟಿಪ್ಪುವಿನ ಕಾಲದಿಂದ ಕುಣಿಗಲ್‌ನಲ್ಲಿ ಕುದುರೆ ಫಾರಂ ಇದೆ. ಸೇವೆಯಲ್ಲಿದ್ದಾಗ ಆ ದಾರಿಯಲ್ಲಿ ಹೋಗುವಾಗಲೆಲ್ಲ ಬೇಲಿಯಾಚೆಯ ಮರಿಗಳನ್ನು ನೋಡಲು ಜೀಪು ನಿಲ್ಲಿಸುತ್ತಿದ್ದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ನಗರದ ನಡುವಿನ ರೇಸ್‌ಕೋರ್ಸನ್ನು ಹೊರಗೆ ಸಾಗಿಸಬೇಕೆಂಬ ವಾದ ದಶಕಗಳಷ್ಟು ಹಳೆಯದು. ಆ ವಾದದಲ್ಲಿ ಎಕರೆಗಳ ಲೆಕ್ಕ, ಗುತ್ತಿಗೆಯ ಬಾಕಿ, ಮರಗಳ ಸಂಖ್ಯೆ ಎಲ್ಲವೂ ಬರುತ್ತವೆ. ಕುದುರೆಯ ಕಾಲು ಮಾತ್ರ ಬರುವುದಿಲ್ಲ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ಇಲ್ಲಿ ಕಾಣುವುದು ಮಾಹಿತಿಯ ಅಸಮತೆ. ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಮಾರುವವನಿಗೆ ತಿಳಿದ ದೋಷ ಕೊಳ್ಳುವವನಿಗೆ ತಿಳಿಯದೆ ಇಡೀ ಮಾರುಕಟ್ಟೆ ಹೇಗೆ ಕೆಡುತ್ತದೆಂದು ಜಾರ್ಜ್ ಆಕರ್‌ಲಾಫ್ 1970ರಲ್ಲೇ ವಿವರಿಸಿದರು. ಕುದುರೆ ವ್ಯಾಪಾರಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ನೋವು ನಿವಾರಕದ ಒಂದು ಸೂಜಿ ಕುಂಟುವ ಕುದುರೆಯನ್ನು ಕೆಲ ಗಂಟೆಗಳ ಮಟ್ಟಿಗೆ ಸರಿಯಾಗಿ ನಡೆಸಬಲ್ಲದು. ಕುದುರೆ ಪಂದ್ಯ ಕೌಶಲದ ಆಟವೇ ಹೊರತು ಜೂಜಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಹಾಗಿದ್ದಲ್ಲಿ ಹಣ ಕಟ್ಟುವವನು ಕೌಶಲ ಪ್ರಯೋಗಿಸುವುದು ಯಾವ ಮಾಹಿತಿಯ ಮೇಲೆ? ಪಣದ ಪೂರ್ಣ ಮೊತ್ತದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28ರಷ್ಟು, 2025ರ ಸೆಪ್ಟೆಂಬರ್ 22ರಿಂದ ಶೇ 40ರಷ್ಟು ತೆರಿಗೆ ವಸೂಲಾಗುತ್ತಿದೆ. ಇಷ್ಟು ಪಾಲು ಪಡೆಯುವ ಸರ್ಕಾರಕ್ಕೆ, ಯಾವ ಋತುವಿನಲ್ಲಿ ಎಷ್ಟು ಕುದುರೆಗಳು ಕಾಲು ಮುರಿದುಕೊಂಡವು, ಎಷ್ಟನ್ನು ಕೊಲ್ಲಬೇಕಾಯಿತು ಎಂಬ ಅಂಕಿಅಂಶವನ್ನು ವರ್ಷಂಪ್ರತಿ ಪ್ರಕಟಿಸಿರೆಂದು ಕೇಳುವ ಹಕ್ಕಿದೆ. ಸ್ಕ್ಯಾನ್ ಯಂತ್ರಕ್ಕಿಂತ ಮೊದಲು ಆಗಬೇಕಾದದ್ದು ಅದು, ಅದಕ್ಕೆ ಖರ್ಚೂ ಇಲ್ಲ.

ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಸಿಗದ ಪರೀಕ್ಷೆ ಸಿರಿವಂತರ ಕುದುರೆಗೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2009ರಲ್ಲಿ ಕೆನಡಾದ ಚಾಕ್ ರಿವರ್ ಪರಮಾಣು ಸ್ಥಾವರ ನಿಂತು ಟೆಕ್ನೀಷಿಯಂನ ಮೂಲಧಾತು ಮಾಲಿಬ್ಡಿನಂಗೆ ಜಗತ್ತಿನಾದ್ಯಂತ ಬರ ಬಂದಿತ್ತು. ಅಂಥ ಸಂದರ್ಭದಲ್ಲಿ ಕುದುರೆಯ ಸರದಿ ಮನುಷ್ಯರ ಹಿಂದೆಯೇ ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಖಜಾನೆಯ ಹಣವೂ ಇದಕ್ಕೆ ಬೇಡ. ಪಂದ್ಯದಿಂದ ಲಾಭ ಪಡೆಯುವ ಮಾಲೀಕರು ಮತ್ತು ಕ್ಲಬ್ಬುಗಳು ನಿಧಿಯೊಂದನ್ನು ಕಟ್ಟಲಿ. ಎಲ್ಲ ಕುದುರೆಗಳಿಗೂ ಬೇಡ. ಕುಂಟುತ್ತಿದ್ದು ಎಕ್ಸ್-ರೇ ಶುದ್ಧವಾಗಿರುವಂಥವಕ್ಕೆ ಸಾಕು. ಹೊಸ ಅಂಗಳ ಎಲ್ಲಿಯೇ ಆಗಲಿ, ನಕ್ಷೆಯಲ್ಲಿ ಇದಕ್ಕೊಂದು ಪ್ರತ್ಯೇಕ ಲಾಯವನ್ನು ಈಗಲೇ ಗುರುತಿಸಿದರೆ ಆಮೇಲೆ ಗೋಡೆ ಒಡೆಯುವ ಕೆಲಸ ತಪ್ಪುತ್ತದೆ.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಚಿತ್ರದಲ್ಲಿ ಬಿರುಕು ಕಂಡರೆ ಮದ್ದು ಹೆಚ್ಚೇನೂ ಇಲ್ಲ, ತಿಂಗಳುಗಟ್ಟಲೆ ವಿಶ್ರಾಂತಿ ಅಷ್ಟೆ. ವಿಶ್ರಾಂತಿಯಲ್ಲಿರುವ ಕುದುರೆಗೂ ಹುರುಳಿ, ಹುಲ್ಲು, ಆಳಿನ ಸಂಬಳ ತಪ್ಪುವುದಿಲ್ಲ. ಗಳಿಕೆ ಮಾತ್ರ ನಿಂತಿರುತ್ತದೆ. ಆ ತಿಂಗಳುಗಳ ವೆಚ್ಚವನ್ನು ಯಾರು ಹೊರಬೇಕೆಂದು ಮೊದಲೇ ನಿಶ್ಚಯವಾಗದಿದ್ದರೆ, ಕುದುರೆ ಅಗ್ಗದ ಬೆಲೆಗೆ ಕೈ ಬದಲಾಗುತ್ತದೆ. ಮದುವೆಯ ಋತುವಿನಲ್ಲಿ ವಿಜಯನಗರ, ಬಸವೇಶ್ವರನಗರದ ಕಲ್ಯಾಣ ಮಂಟಪಗಳ ಮುಂದೆ ಡಾಂಬರು ರಸ್ತೆಯಲ್ಲಿ ಬಾಜಾಬಜಂತ್ರಿಯ ನಡುವೆ ಸಿಂಗಾರಗೊಂಡು ನಿಂತ ಕುದುರೆಗಳನ್ನು ನೋಡಿ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಮತ್ತೆ ಮತ್ತೆ ಬದಲಿಸುವ ಕುದುರೆಯನ್ನು ನಾನು ಕಳೆದ ವೈಶಾಖದಲ್ಲಿ ಕಂಡೆ. ಅದನ್ನು ಹಿಡಿದಿದ್ದ ಹುಡುಗನಿಗೆ ಕಾಲು ಮುಟ್ಟಿ ನೋಡಪ್ಪಾ ಎಂದೆ. ಅವನು ಮುಟ್ಟಿ ನೋಡಿ, ‘ಬಿಸಿ ಐತೆ ಸಾರ್’ ಎಂದ. ಅಷ್ಟರಲ್ಲಿ ಮದುಮಗ ಹೊರಗೆ ಬಂದಾಗಿತ್ತು.