ಬಾಲದ ಬಾರ್ನ್, ಬೋಳು ಬಾರ್ನ್

ಇಂಗ್ಲಿಷಿನಲ್ಲಿ ಎರಡು ‘ಬಾರ್ನ್’ಗಳಿವೆ. ಕಿವಿಗೆ ಎರಡೂ ಒಂದೇ, ಕನ್ನಡ ಲಿಪಿಯಲ್ಲಿ ಬರೆದರೂ ಒಂದೇ. ಇಂಗ್ಲಿಷಿನ ಕಾಗುಣಿತದಲ್ಲಿ ಮಾತ್ರ ಒಂದರ ಬಾಲಕ್ಕೆ ‘ಇ’ ಅಕ್ಷರ ಅಂಟಿದೆ, ಇನ್ನೊಂದು ಬೋಳು. ಎರಡೂ ‘ಬೇರ್’ ಎಂಬ ಒಂದೇ ಕ್ರಿಯಾಪದದ ಭೂತಕೃದಂತಗಳು. ಯಾವುದನ್ನು ಎಲ್ಲಿ ಹಾಕಬೇಕೆಂದು ಇಂಗ್ಲಿಷ್ ಅರೆದು ಕುಡಿದವರೂ ತಡವರಿಸುತ್ತಾರೆ. ಕರ್ಮಣಿ ಪ್ರಯೋಗ, ಅದಕ್ಕೊಂದು ಅಪವಾದ ಎಂದು ವ್ಯಾಕರಣದ ಪುಸ್ತಕಗಳು ತಲೆ ತಿನ್ನುತ್ತವೆ.

ಆದರೆ ಈ ಬೀಗದ ಕೀಲಿಕೈ ಎಲ್ಲಿದೆ ಗೊತ್ತೇ? ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನರ ಬಾಯಲ್ಲಿ! “ನಮ್ಮವ್ವ ಏಳು ಮಕ್ಕಳನ್ನ ಹಡದಾಳ, ನಾನು ಹುಟ್ಟಿದ್ದು ಕೊಟ್ಟೂರಾಗ” ಎಂದು ಇಲ್ಲಿಯ ಅಜ್ಜಿಯೊಬ್ಬಳು ಅಂದರೆ ಸಾಕು, ಇಡೀ ನಿಯಮ ಅದರೊಳಗಿದೆ. ಹಡೆದದ್ದು ತಾಯಿಯ ಕೆಲಸ, ಅಲ್ಲಿ ಇಂಗ್ಲಿಷಿಗೆ ಬಾಲದ ಬಾರ್ನ್ ಬೇಕು. ಹುಟ್ಟಿದ್ದು ಮಗುವಿನ ಪಾಲು, ಅಲ್ಲಿ ಬೋಳು ಬಾರ್ನ್. ‘ಅವಳು ಹೆತ್ತ ಮಕ್ಕಳು’ ಅಂದರೆ ಬಾಲ ಇರಲೇಬೇಕು, ‘ಅವಳಿಗೆ ಹುಟ್ಟಿದ ಮಕ್ಕಳು’ ಅಂದರೆ ಇರಲೇಬಾರದು. ಮಕ್ಕಳು ಅವೇ, ತಾಯಿಯೂ ಅವಳೇ! ಇಂಗ್ಲಿಷ್ ಒಂದೇ ಧಾತುವಿನಿಂದ ಒಂದಕ್ಷರದ ಅಂತರದಲ್ಲಿ ಮಾಡುವ ಕೆಲಸಕ್ಕೆ ಕನ್ನಡ ಎರಡು ಬೇರೆಬೇರೆ ಧಾತುಗಳನ್ನೇ ಇಟ್ಟುಕೊಂಡಿದೆ. ಹಾಗಾಗಿ ನಾವು ಹುಟ್ಟಿದ್ದನ್ನೂ ಹೆತ್ತದ್ದನ್ನೂ ಕಲಸುವ ಪ್ರಶ್ನೆಯೇ ಇಲ್ಲ.

ಇನ್ನು ‘ಹೊತ್ತ’ ಬಂದರಂತೂ ಕಣ್ಣುಮುಚ್ಚಿ ಬಾಲ ಹಚ್ಚಬಹುದು. ಹೊಣೆ ಹೊತ್ತವರು, ನಷ್ಟ ಹೊತ್ತವರು, ಕೂಡ್ಲಿಗಿ ಸೀಮೆಯಲ್ಲಿ ಕಾಯಿ ಹೊತ್ತು ಬಾಗಿದ ಹುಣಸೆಮರ, ಎಲ್ಲಕ್ಕೂ ಅದೇ. ಡೆಂಗಿಯ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಬರೆಯುವಾಗ ಸೊಳ್ಳೆಯ ಪಕ್ಕ ನಿಲ್ಲುವುದೂ ಬಾಲದ ಬಾರ್ನೇ, ಏಕೆಂದರೆ ಸೊಳ್ಳೆ ರೋಗವನ್ನು ಹೊತ್ತು ತರುತ್ತದೆ. ಬಾಲ ಕಳಚಿತೋ, ಅದು ಸೊಳ್ಳೆಯ ಹೊಟ್ಟೆಯಲ್ಲಿ ಹುಟ್ಟಿದ ರೋಗವಾಗಿಬಿಡುತ್ತದೆ!

ಕೊಟ್ಟೂರಿಗೇ ಬನ್ನಿ. ಗುರು ಕೊಟ್ಟೂರೇಶ್ವರನ ತೇರಿಗೆ ದೂರದೂರದ ಊರುಗಳಿಂದ ಜನ ಹಗಲಿರುಳೆನ್ನದೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಎಷ್ಟೋ ಮಂದಿ ಮಕ್ಕಳಾಗಲಿ ಎಂದು ಹರಕೆ ಹೊತ್ತವರು. ಹರಕೆ ಫಲಿಸಿದರೆ ಮಗುವಿಗೆ ಕೊಟ್ರೇಶ, ಕೊಟ್ರಮ್ಮ ಎಂದೇ ಹೆಸರು. ಈ ಸೀಮೆಯಲ್ಲಿ ‘ಕೊಟ್ರೇಶಾ’ ಎಂದು ಕೂಗಿದರೆ ಒಬ್ಬನಾದರೂ ತಿರುಗಿ ನೋಡದ ಸಂತೆ ಇದೆಯೇ? ಹರಕೆ ಫಲಿಸಿತು, ಅವ್ವ ಬಸಿರು ಹೊತ್ತಳು, ಹೆತ್ತಳು, ಕೊಟ್ರೇಶ ಹುಟ್ಟಿದ! ಇಂಗ್ಲಿಷಿನಲ್ಲಿ ಹೇಳಿದರೆ ಬಾಲ, ಬಾಲ, ಕೊನೆಗೊಂದು ಬೋಳು.

ಬೋಳು ಬಾರ್ನ್‌ಗೆ ಹರಪನಹಳ್ಳಿಯವರ ಪಾಡು ನೋಡಿ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅರ್ಜಿಯಲ್ಲಿ ‘ಹುಟ್ಟಿದ ಜಿಲ್ಲೆ’ ಎಂಬ ಖಾಲಿ ಜಾಗ ಕಂಡಾಗ ಅವರು ಪೆನ್ನು ಕಚ್ಚಿದರೆ ಅದು ವ್ಯಾಕರಣದ ತಪ್ಪಲ್ಲ.

ನಿಜವಾದ ಬೆರಗು ಇರುವುದು ಹಡಗಲಿಯ ಹೆಸರಿನಲ್ಲಿ. ಒಂದೇ ಕ್ರಿಯಾಪದ ಸೀಳಿ ಎರಡು ಕೃದಂತವಾಗುವ ಆಟ ಇಂಗ್ಲಿಷಿನದು ಮಾತ್ರ ಎಂದುಕೊಂಡಿರಾ? ‘ಪಡೆದ’ ಮತ್ತು ‘ಹಡೆದ’ ಪಕ್ಕಪಕ್ಕ ಇಟ್ಟು ನೋಡಿ! ಹಳಗನ್ನಡದಲ್ಲಿ ಎರಡೂ ಒಂದೇ ‘ಪಡೆ’. ಸಿರಿಯನ್ನು ಪಡೆಯುವುದೂ ಮಗನನ್ನು ಪಡೆಯುವುದೂ ಅದೇ ಮಾತಿನಲ್ಲಿ. ಹತ್ತನೆಯ ಶತಮಾನದ ಆಸುಪಾಸಿನಿಂದ ಕನ್ನಡದ ಮೊದಲಕ್ಷರದ ಪಕಾರ ಹಕಾರವಾಗತೊಡಗಿತು. ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು (ಹರಪನಹಳ್ಳಿಯ, ಹಗರಿಬೊಮ್ಮನಹಳ್ಳಿಯ ಬಾಲಗಳಲ್ಲಿ ಕುಳಿತಿರುವುದು ಅದೇ ಹಳ್ಳಿ). ಶಾಸನಗಳ ‘ಪೂವಿನ ಪಡಂಗಿಲೆ’ ಬದಲಾಗುತ್ತ ಹೂವಿನ ಹಡಗಲಿಯಾಯಿತು. ಊರಿನ ಹೆಸರೊಂದರಲ್ಲೇ ಎರಡು ಸಲ ಪ ಹೋಗಿ ಹ ಬಂದಿದೆ! ‘ಪಡೆ’ಯ ಕಥೆ ಮಾತ್ರ ವಿಚಿತ್ರ. ಅದು ‘ಹಡೆ’ಯಾಯಿತು, ಆದರೆ ಹಳೆಯ ರೂಪವೂ ಸಾಯಲಿಲ್ಲ. ಪಕಾರದ್ದು ಪ್ರಶಸ್ತಿ, ಪದವಿ, ಸಾಲ ಪಡೆಯಲು ಉಳಿಯಿತು, ಹಕಾರದ್ದು ಹೆರಿಗೆಯ ಕೋಣೆ ಸೇರಿತು. ‘ಸಾಲ ಹಡೆದ’ ಎಂದು ಯಾರಾದರೂ ಅಂದಾರೆಯೇ? (ಬಡ್ಡಿಯ ನೋವು ಕಂಡರೆ ಅನ್ನಬಹುದಿತ್ತು.)

ಇಲ್ಲೇ ಎರಡು ನುಡಿಗಳ ದಾರಿ ಕವಲೊಡೆಯುತ್ತದೆ. ಇಂಗ್ಲಿಷಿನ ತಾಯಿಗೆ ಹೆರುವುದೆಂದರೆ ಹೊರುವುದು. ಕನ್ನಡದ ತಾಯಿಗೆ ಹಡೆಯುವುದೆಂದರೆ ಪಡೆಯುವುದು. ‘ಹೆತ್ತ’ದ ಮೂಲವಾದ ಹಳೆಯ ‘ಪೆಱು’ವಿಗೂ ಪಡೆಯುವುದೆಂಬ ಅರ್ಥವೇ ಇತ್ತು, ತಮಿಳಿನಲ್ಲಿ ಇವತ್ತಿಗೂ ಇದೆ.

ಹಾಗಾದರೆ ಇಂಗ್ಲಿಷಿನ ‘ಬೇರ್’ ನಮಗೆ ತೀರಾ ಹೊರಗಿನವನೇ? ಅದೂ ಅಲ್ಲ! ಸಂಸ್ಕೃತದ ‘ಭೃ’ ಧಾತು ಅದರ ಒಡಹುಟ್ಟು, ಭೂತಕೃದಂತ ‘ಭೃತ’. ಭಾರ, ಭೃತ್ಯ, ಭಾರ್ಯೆ ಎಲ್ಲ ಆ ಮನೆಯವರೇ. ಕನ್ನಡಕ್ಕೆ ಬಂದು ಅದು ‘ಭರಿಸು’ ಆಗಿದೆ. ಕೂಡ್ಲಿಗಿಯ ತಾಲ್ಲೂಕು ಕಚೇರಿಯಲ್ಲೋ ಕೊಟ್ಟೂರಿನ ಬ್ಯಾಂಕಿನಲ್ಲೋ ‘ವೆಚ್ಚವನ್ನು ಅರ್ಜಿದಾರರೇ ಭರಿಸತಕ್ಕದ್ದು’ ಎಂಬ ಸಾಲು ಕಂಡರೆ ಒಂದು ಕ್ಷಣ ನಿಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಅಲ್ಲಿ ಬಂದು ಕೂರುವುದು ಬಾಲದ ಬಾರ್ನ್, ‘ಭರಿಸು’ವಿನ ಸಾವಿರಾರು ವರ್ಷಗಳ ಹಿಂದಿನ ದಾಯಾದಿ.