ಅನೇಕಾಂತ: ವ್ರತ ಸಡಿಲಿಸದೆ ಮನಸ್ಸು ತೆರೆದಿಡುವ ದಾರಿ

ದಶಲಕ್ಷಣ ಪರ್ವದ ದಿನಗಳಲ್ಲಿ ಅನೇಕ ಶ್ರಾವಕರ ಮನೆಗಳಲ್ಲಿ ಒಂದೇ ಬಗೆಯ ಮಾತು ನಡೆಯುತ್ತದೆ. ಅಜ್ಜಿ ಏಕಾಶನದಲ್ಲಿರುತ್ತಾರೆ. ಕಚೇರಿ ಮುಗಿಸಿ ಮಗ ಮನೆ ಸೇರುವ ಹೊತ್ತಿಗೆ ರಾತ್ರಿ ಒಂಬತ್ತು ಗಂಟೆ. ಸೂರ್ಯಾಸ್ತದೊಳಗೆ ಊಟ ಅವನಿಗೆ ಸಾಧ್ಯವಾಗುವುದಿಲ್ಲ. ಹಾಸ್ಟೆಲಿನಿಂದ ಬಂದ ಮೊಮ್ಮಗಳು ಬೇರೆಯೇ ಪ್ರಶ್ನೆ ಎತ್ತುತ್ತಾಳೆ: "ಗಡ್ಡೆ ಗೆಣಸು ಬೇಡ ಅಂತೀರಿ, ಸರಿ. ಈಗಿನ ಡೇರಿ ಹಾಲು ಮಾತ್ರ ಅಹಿಂಸೆ ಹೇಗಾಗುತ್ತದೆ ಅಜ್ಜಿ?" ಹಿರಿಯರಿಗೆ ಧರ್ಮ ಕೈ ಜಾರುತ್ತಿದೆ ಎಂಬ ಆತಂಕ. ಕಿರಿಯರಿಗೆ ತಮ್ಮ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ಬೇಸರ. ಇದು ಹೀಗೇ ಬೆಳೆದರೆ ಮಕ್ಕಳು ವಾದ ಮಾಡುವುದನ್ನೂ ಬಿಡುತ್ತಾರೆ, ಬಸದಿಗೆ ಬರುವುದನ್ನೂ ಬಿಡುತ್ತಾರೆ.

ಇಂತಹ ಸಂದರ್ಭಕ್ಕೆ ಜೈನ ದರ್ಶನದಲ್ಲೇ ಒಂದು ಸಾಧನವಿದೆ. ಅದೇ ಅನೇಕಾಂತ.

ಸ್ಯಾತ್ ಎಂದರೆ 'ಇರಬಹುದು' ಅಲ್ಲ

ಪ್ರತಿಯೊಂದು ವಸ್ತುವಿನಲ್ಲಿಯೂ ಅನೇಕ ಧರ್ಮಗಳಿವೆ, ಅಂದರೆ ಅನೇಕ ಗುಣ ಸ್ವಭಾವಗಳಿವೆ. ಅವೆಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಲಾಗದು. ಆದ್ದರಿಂದ ಯಾವ ದೃಷ್ಟಿಯಿಂದ ಹೇಳುತ್ತಿದ್ದೇವೆ ಎಂಬುದನ್ನು ಸೂಚಿಸಿ ಮಾತನಾಡಬೇಕು. ಆ ಸೂಚನೆಯೇ 'ಸ್ಯಾತ್' ಎಂಬ ಪದ. ಇದಕ್ಕೆ 'ಬಹುಶಃ' ಎಂದು ಅರ್ಥ ಮಾಡುವವರಿದ್ದಾರೆ, ಅದು ಸರಿಯಲ್ಲ. 'ಕಥಂಚಿತ್', ಅಂದರೆ 'ಒಂದು ಅಪೇಕ್ಷೆಯಿಂದ' ಎಂಬುದೇ ಅದರ ಅರ್ಥ. ಆ ಅಪೇಕ್ಷೆಯಲ್ಲಿ ಹೇಳಿದ ಮಾತು ನಿಶ್ಚಿತವಾದದ್ದೇ. ಅನೇಕಾಂತವೆಂದರೆ 'ಎಲ್ಲರೂ ಹೇಳುವುದೆಲ್ಲ ಸರಿ' ಎಂಬ ಸಡಿಲ ಧೋರಣೆಯೂ ಅಲ್ಲ, ಸಂಶಯವೂ ಅಲ್ಲ.

ಚಿನ್ನದ ಕಲಶ, ಹಾಲಿನ ವ್ರತ

ಆಚಾರ್ಯ ಸಮಂತಭದ್ರರ 'ಆಪ್ತಮೀಮಾಂಸೆ'ಯಲ್ಲಿ ಇದನ್ನು ವಿವರಿಸುವ ಎರಡು ದೃಷ್ಟಾಂತಗಳಿವೆ. ಚಿನ್ನದ ಕಲಶವೊಂದನ್ನು ಕರಗಿಸಿ ಕಿರೀಟ ಮಾಡಿದರೆ, ಕಲಶ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ. ಬರೀ ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ. ನಡೆದ ಘಟನೆ ಒಂದೇ, ಮೂವರ ಭಾವವೂ ಕಾರಣವಿಲ್ಲದೆ ಹುಟ್ಟಿದ್ದಲ್ಲ. ಏಕೆಂದರೆ ಕಲಶ ನಾಶವಾದದ್ದು ನಿಜ, ಕಿರೀಟ ಹುಟ್ಟಿದ್ದು ನಿಜ, ಚಿನ್ನ ಉಳಿದದ್ದೂ ನಿಜ.

ಎರಡನೆಯದು ಅಡುಗೆಮನೆಗೆ ಇನ್ನೂ ಹತ್ತಿರದ್ದು. ಹಾಲನ್ನು ಮಾತ್ರ ಸೇವಿಸುವ ವ್ರತ ಹಿಡಿದವನು ಮೊಸರು ತಿನ್ನುವುದಿಲ್ಲ. ಮೊಸರಿನ ವ್ರತದವನು ಹಾಲು ಕುಡಿಯುವುದಿಲ್ಲ. ಗೋರಸವನ್ನೇ ತ್ಯಜಿಸಿದವನು ಎರಡನ್ನೂ ಮುಟ್ಟುವುದಿಲ್ಲ. ಹಾಲು ಮೊಸರು ಬೇರೆ ಬೇರೆಯೂ ಹೌದು, ಗೋರಸವಾಗಿ ಒಂದೂ ಹೌದು ಎಂದು ತೋರಿಸಲು ಈ ದೃಷ್ಟಾಂತ ಬಂದಿದೆ. ಆದರೆ ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬಹುದು. ಮೂವರೂ ತಂತಮ್ಮ ವ್ರತದಲ್ಲಿ ದೃಢವಾಗಿದ್ದಾರೆ. ಇನ್ನೊಬ್ಬನ ದೃಷ್ಟಿಯನ್ನು ಒಪ್ಪಿಕೊಳ್ಳಲು ಯಾರೂ ತನ್ನ ವ್ರತವನ್ನು ಬಿಡಬೇಕಾಗಿಲ್ಲ.

ನಯ ಮತ್ತು ದುರ್ನಯ

ಒಂದು ದೃಷ್ಟಿಯಿಂದ ವಸ್ತುವನ್ನು ನೋಡುವುದು ನಯ. ತನ್ನ ದೃಷ್ಟಿಯೊಂದೇ ನಿಜ, ಉಳಿದದ್ದೆಲ್ಲ ಸುಳ್ಳು ಎಂದರೆ ಅದು ದುರ್ನಯ. ಮನೆಯ ಜಗಳಗಳು ಹೆಚ್ಚಾಗಿ ಇಲ್ಲಿಯೇ ಹುಟ್ಟುತ್ತವೆ.

ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನು ಇಟ್ಟುಕೊಂಡು ಹಾಲಿನ ಪ್ರಶ್ನೆಯನ್ನೇ ನೋಡಬಹುದು. ಕರು ಕುಡಿದು ಉಳಿದ ಹಾಲನ್ನು ಕರೆಯುತ್ತಿದ್ದ ಕೊಟ್ಟಿಗೆ ಅಜ್ಜಿಯ ಕಣ್ಣ ಮುಂದಿದೆ. ಮೊಮ್ಮಗಳು ಹೇಳುತ್ತಿರುವುದು ಇಂದಿನ ದೊಡ್ಡ ಡೇರಿಗಳ ವಿಚಾರ. ಕ್ಷೇತ್ರ ಬೇರೆ, ಕಾಲ ಬೇರೆ. ಆದರೆ ಭಾವ ಮಾತ್ರ ಒಂದೇ: ಜೀವಕ್ಕೆ ನೋವಾಗಬಾರದು. ಇದು ತಿಳಿದಾಗ ಮೊಮ್ಮಗಳ ಪ್ರಶ್ನೆ ಅಜ್ಜಿಗೆ ಧರ್ಮನಿಂದೆಯಾಗಿ ಕೇಳಿಸದು. ಅಜ್ಜಿಯ ಆಚರಣೆ ಮೊಮ್ಮಗಳಿಗೆ ಮೂಢನಂಬಿಕೆಯಾಗಿ ಕಾಣದು.

ಇದಕ್ಕೆ ಒಂದು ಮಿತಿಯೂ ಇದೆ. 'ನನ್ನ ದೃಷ್ಟಿಯಲ್ಲಿ ಇದು ತಪ್ಪಲ್ಲ' ಎಂದು ಹಿಂಸೆಯನ್ನೋ ವಂಚನೆಯನ್ನೋ ಸಮರ್ಥಿಸಿಕೊಳ್ಳಲು ಅನೇಕಾಂತ ನೆಪವಾಗಬಾರದು. ತನ್ನ ಆಚರಣೆಯಲ್ಲಿ ಬಿಗಿ, ಇತರರ ಮೇಲಿನ ತೀರ್ಪಿನಲ್ಲಿ ತಾಳ್ಮೆ ಇರಬೇಕು. ಇವು ಅದಲುಬದಲಾದರೆ ಧರ್ಮವೂ ಉಳಿಯದು, ಸಂಬಂಧವೂ ಉಳಿಯದು.

ಮೊಬೈಲ್ ಮತ್ತು ಸತ್ಯಾಣುವ್ರತ

ಈಗ ಮಾತಿಗಿಂತ ವೇಗವಾಗಿ ಓಡುವುದು ವಾಟ್ಸಾಪ್ ಸಂದೇಶ. 'ತತ್ತ್ವಾರ್ಥಸೂತ್ರ'ವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ತಪ್ಪು ಉಪದೇಶ ಕೊಡುವುದು, ಗುಟ್ಟಿನ ಸಂಗತಿಯನ್ನು ಬಯಲು ಮಾಡುವುದು, ಸುಳ್ಳು ಬರಹ ಸೃಷ್ಟಿಸುವುದು ಇವುಗಳಲ್ಲಿ ಸೇರಿವೆ. ನಿಜವೋ ಸುಳ್ಳೋ ನೋಡದೆ ಕಳಿಸಿದ ಔಷಧದ ಸಲಹೆ, ಒಬ್ಬರ ಮನೆಯ ವಿಷಯವನ್ನು ಗುಂಪಿಗೆ ಹಾಕುವುದು, ತಿದ್ದಿದ ಚಿತ್ರವನ್ನು ಹಂಚುವುದು: ಶ್ರಾವಕರು ಇವನ್ನು ಆ ಅತಿಚಾರಗಳ ಬೆಳಕಿನಲ್ಲಿಯೇ ನೋಡಬೇಕಾಗಿದೆ.

ಬೆಳಗೊಳದ ಕಲ್ಲು ಹೇಳುವುದು

ಇದು ಮನೆಯೊಳಗಷ್ಟೇ ಅಲ್ಲ, ಊರಿನ ಬದುಕಿಗೂ ಬೇಕಾದ ಪಾಠ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ, ಜೈನರು ಅರಸನಲ್ಲಿ ದೂರು ಕೊಟ್ಟರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಸಂಗತಿ ಶ್ರವಣಬೆಳಗೊಳದ 1368ರ ಶಾಸನದಲ್ಲಿದೆ. ಪಂಚಮಹಾವಾದ್ಯ ಮತ್ತು ಕಲಶದ ಗೌರವ ಜೈನರಿಗೆ ಹಿಂದಿನಂತೆಯೇ ಉಳಿಯಿತು. ಯಾರೂ ತಮ್ಮ ದರ್ಶನವನ್ನು ಬಿಡಲಿಲ್ಲ. ಒಬ್ಬರಿಗೆ ಆದ ಹಾನಿ ಇನ್ನೊಬ್ಬರದ್ದೂ ಹೌದು ಎಂದು ಮಾತಾಯಿತು.

ದಿನಕ್ಕೊಂದು ಅಭ್ಯಾಸ

ಸಾಮಾಯಿಕಕ್ಕೆ ಒಂದು ಮುಹೂರ್ತ, ಅಂದರೆ 48 ನಿಮಿಷ ಎಂಬ ರೂಢಿಯಿದೆ. ಅಷ್ಟು ಸಾಧ್ಯವಾಗದವರು ಕೆಲವು ನಿಮಿಷ ಕುಳಿತಾದರೂ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಇಂದು ಯಾರ ಮಾತನ್ನು ಪೂರ್ತಿ ಕೇಳದೆ ತಳ್ಳಿಹಾಕಿದೆ? ಅವರು ಯಾವ ದೃಷ್ಟಿಯಿಂದ ಹೇಳಿದ್ದರು? ನನ್ನ ಮಾತಿಗೆ ಆಧಾರವಾಗಿದ್ದದ್ದು ತಿಳಿವಳಿಕೆಯೋ, ಕೋಪವೋ?

ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಎಲ್ಲರಿಗೂ ಒಂದೇ ಸಂದೇಶ ಕಳಿಸುವುದು ಸುಲಭ. ವಾದ ಮಾಡಿ ಮಾತು ಬಿಟ್ಟವರ ಎದುರು ಹೋಗಿ ಕೈ ಮುಗಿದು, 'ನಿಮ್ಮ ಮಾತು ಆಗ ನನಗೆ ಅರ್ಥವಾಗಿರಲಿಲ್ಲ, ಈಗ ಹೇಳಿ' ಎನ್ನುವುದು ಕಷ್ಟ. ಕ್ಷಮೆಯೂ ಅನೇಕಾಂತವೂ ಒಟ್ಟಿಗೆ ಆಚರಣೆಗೆ ಬರುವುದು ಆ ಕಷ್ಟದ ಕೆಲಸದಲ್ಲಿಯೇ.