ವಿದ್ಯುದುಪಕರಣಗಳ ಸುರಕ್ಷಾವಿಧಿ: ಪರಿಗಣನೆಯೂ ಲಕ್ಷಣವೂ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು ಈಗ ಹಾವೇರಿ ಜಿಲ್ಲೆಗೆ ಸೇರಿವೆ. 1948ರ ವರೆಗೆ ಸವಣೂರು ನವಾಬರ ಸಂಸ್ಥಾನವಾಗಿದ್ದು, ಉಳಿದ ಮೂರು ಸೀಮೆಗಳು ಮುಂಬಯಿ ಸರಕಾರದ ಆಳ್ವಿಕೆಯಲ್ಲಿದ್ದವು. ಇಂದು ನಾಲ್ಕಕ್ಕೂ ವಿದ್ಯುತ್ತನ್ನು ಒದಗಿಸುವ ಸಂಸ್ಥೆಯು ಹೆಸ್ಕಾಂ ಒಂದೇ. ಅನ್ವಯಿಸುವ ಸುರಕ್ಷಾವಿಧಿಯೂ ಇಡಿಯ ದೇಶಕ್ಕೆ ಒಂದೇ. ಆ ವಿಧಿಯು ಈಚೆಗೆ ಹೊಂದಿದ ರೂಪಭೇದವನ್ನು ಇಲ್ಲಿ ವಿವೇಚಿಸಲಾಗುವುದು.

ರಕ್ಷಣೆಯು ದ್ವಿವಿಧವಾದುದು: ಒಂದು ಉಪಕರಣದ್ದು, ಇನ್ನೊಂದು ಮನೆಯ ತಂತಿಜೋಡಣೆಯದು. ಉಪಕರಣಗಳ ವಿಷಯದಲ್ಲಿ 2003ರ ಗುಣನಿಯಂತ್ರಣಾಜ್ಞೆಯು ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ವಿದ್ಯುದೊಲೆ ಮೊದಲಾದವುಗಳನ್ನು ಹೆಸರಿಸಿ, ಅವುಗಳಿಗೆ ಐಎಸ್‌ಐ ಮುದ್ರೆಯನ್ನು ಕಡ್ಡಾಯಗೊಳಿಸಿತು. ಹೆಸರಿಲ್ಲದುದಕ್ಕೆ ಆ ಆಜ್ಞೆಯು ತಗಲದು. 2024ರಲ್ಲಿ ಹೊರಟ ಆಜ್ಞೆಯಾದರೋ ಹೆಸರುಗಳನ್ನು ಎಣಿಸದೆ ಲಕ್ಷಣವನ್ನೇ ಹೇಳಿತು: ಏಕಫೇಸಿನಲ್ಲಿ 250 ವೋಲ್ಟು, ಇತರತ್ರ 480 ವೋಲ್ಟು ಮೀರದ ಗೃಹೋಪಯೋಗಿ ಹಾಗೂ ತತ್ಸದೃಶ ಉಪಕರಣಗಳೆಲ್ಲವೂ, ಬೇರೆ ಆಜ್ಞೆಗೆ ಒಳಪಡದಿದ್ದಲ್ಲಿ, ಇದಕ್ಕೆ ಒಳಪಡುವುವು. 2025ರಲ್ಲಿ ಇದು ಪರಿಷ್ಕೃತವಾಗಿ, ಜಾರಿಯ ದಿನವು 2026ರ ಮಾರ್ಚ್ 19 ಎಂದು ಗೊತ್ತಾಯಿತು. ಶಬ್ದಗಳನ್ನು ಒಂದೊಂದಾಗಿ ಪಠಿಸಿ ಮುಗಿಸಲಾಗದು, ಉತ್ಸರ್ಗ-ಅಪವಾದಗಳಿಂದಲೇ ತಿಳಿಯಬೇಕೆಂದು ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ಮಾಡಿದ ವಿಚಾರವು ಇಲ್ಲಿ ಸ್ಮರಣೀಯ. ಸಂತೆಗೆ ಹೊಸ ವಸ್ತುಗಳು ನಿತ್ಯವೂ ಬರುತ್ತಿರಲು ಪಟ್ಟಿಯು ಹಿಂದುಳಿಯುವುದು, ಲಕ್ಷಣವು ಹಿಂದುಳಿಯದು.

ತಂತಿಜೋಡಣೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಪ್ರಮಾಣ. ಮನೆಗಳಲ್ಲಿ ಸೋರಿಕೆಯು 30 ಮಿಲಿಆಂಪಿಯರನ್ನು ಮೀರದಂತೆ ಪ್ರವಾಹವನ್ನು ಕಡಿಯುವ ಸಾಧನವಿರಬೇಕೆಂಬುದು ಅಲ್ಲಿಯ ಉತ್ಸರ್ಗ. ಅಲ್ಪಹೊರೆಯ ಸಂಪರ್ಕಗಳಿಗೆ ವಿನಾಯಿತಿಯೆಂಬುದು ಅಪವಾದ. ಹಳ್ಳಿಯ ಬಡಮನೆಯು ಬಹುಶಃ ಈ ಅಪವಾದದಲ್ಲಿಯೇ ಬೀಳುವುದು. ಆದಕಾರಣ ಅಲ್ಲಿ ಉಪಕರಣದ ಗುಣವೂ, ಜನರು ಅರ್ಥಿಂಗ್ ಎನ್ನುವ ಭೂಸಂಪರ್ಕವೂ ಜೀವರಕ್ಷಕಗಳು.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಣ ಕಡ್ಡಿಯು ದಪ್ಪವಾಗಿಯೂ ಉದ್ದವಾಗಿಯೂ ಇರುವುದು ನಿಷ್ಕಾರಣವಲ್ಲ: ಅದು ಎಲ್ಲಕ್ಕೂ ಮೊದಲು ಸೇರಿ, ಎಲ್ಲಕ್ಕೂ ಕಡೆಗೆ ಬಿಡುವುದು. ಇಸ್ತ್ರಿಪೆಟ್ಟಿಗೆಯೊಳಗಣ ತಂತಿಯು ಲೋಹವನ್ನು ಮುಟ್ಟಿದರೆ ಪ್ರವಾಹವು ಆ ಮಾರ್ಗವಾಗಿ ನೆಲಕ್ಕಿಳಿದು ಫ್ಯೂಸು ಕಡಿಯುವುದು. ಆ ಮಾರ್ಗವಿಲ್ಲದಿದ್ದರೆ ಹಿಡಿದವನ ದೇಹವೇ ಮಾರ್ಗವಾಗುವುದು. ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಚುಚ್ಚಿದ ಉಪಕರಣಕ್ಕೆ ಯಾವ ಮುದ್ರೆಯೂ ಕಾವಲಾಗದು.

ಆದ್ದರಿಂದ ಕೊಳ್ಳುವವರು ಮುದ್ರೆಯ ಮೇಲಣ ಮಾನಕದ ಸಂಖ್ಯೆಯನ್ನೂ ಕೆಳಗಣ ಪರವಾನಗಿಯ ಸಂಖ್ಯೆಯನ್ನೂ ನೋಡತಕ್ಕದ್ದು. ಬಳಿಕ ಮನೆಯಲ್ಲಿ ಭೂಸಂಪರ್ಕವಿದೆಯೇ ಎಂದು ಪರೀಕ್ಷೆ ಮಾಡಿಸತಕ್ಕದ್ದು. ವಿಧಿಯು ಅಂಗಡಿಯ ವರೆಗೆ ಬರುವುದು. ಹೊಸ್ತಿಲ ಒಳಗೆ ಅದನ್ನು ನಡೆಯಿಸುವವರು ಮನೆಯವರೇ.